ವಾಲ್ವ್ ತಡೆಯುವಷ್ಟೇ ಪವರ್

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದಾಗ ನಮ್ಮ ಕೈಯಲ್ಲಿ ಸುದ್ದಿ ಇತ್ತು, ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಹ್ಯಾಮ್ ರೇಡಿಯೊ ಬಗ್ಗೆ ನಾವು ಕೇಳಿ ತಿಳಿಯತೊಡಗಿದ್ದು ಆಮೇಲೆ. ಅದಕ್ಕೆ ಟವರ್ ಬೇಡ, ಇಂಟರ್ನೆಟ್ ಬೇಡ. ಲೈಸೆನ್ಸ್, ಸೆಟ್, ಬ್ಯಾಟರಿ, ಎತ್ತರಕ್ಕೆ ಕಟ್ಟಿದ ತಂತಿ ಸಾಕು.

ಬಾದಾಮಿ ಕಡೆಯ ಹಿರಿಯರೊಬ್ಬರ ಮನೆಯಲ್ಲಿ 807 ವಾಲ್ವ್ ಹಾಕಿದ ಹಳೆಯ ಆಂಪ್ಲಿಫೈಯರ್ ನೋಡಿದೆವು. "ಕಾಕಾ, ಇದನ್ನ ಇನ್ನೂ ಜೋರು ಮಾಡಾಕ ಬರೂದಿಲ್ಲೇನ್ರಿ?" ಎಂದೆವು. "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ತಮ್ಮಾ" ಎಂದರು.

ಲೆಕ್ಕ ಸರಳ. ಈ ವಾಲ್ವಿಗೆ 60 ವ್ಯಾಟ್ ಕೊಟ್ಟರೆ ಸುಮಾರು 40 ವ್ಯಾಟ್ ಆಂಟೆನಾ ಕಡೆ ಹೋಗುತ್ತದೆ. ಉಳಿದ 20 ವ್ಯಾಟ್ ಒಳಗಿನ ಪ್ಲೇಟಿನಲ್ಲಿ ಶಾಖವಾಗುತ್ತದೆ. ಸತತವಾಗಿ ನಡೆಸುವಾಗ ಆ ಪ್ಲೇಟ್ ತಡೆಯುವ ಶಾಖ 25 ವ್ಯಾಟ್ ಮಾತ್ರ. ಟ್ಯೂನಿಂಗ್ ತಪ್ಪಿದರೆ ಹೊರಗೆ ಹೋಗಬೇಕಾದ ಶಕ್ತಿಯೂ ಪ್ಲೇಟಿನ ಮೇಲೇ ಬಿದ್ದು, ಅದು ಒಲೆ ಮೇಲಿನ ಬರೀ ಹಂಚಿನಂತೆ ಕಾದು ಕೆಂಪಾಗುತ್ತದೆ. ಅದಕ್ಕೇ ಮೊದಲು ಕಡಿಮೆ ಪವರಿನಲ್ಲಿ ಟ್ಯೂನ್ ಮಾಡಿ, ಮೀಟರಿನ ಮುಳ್ಳು ಇಳಿದದ್ದನ್ನು ನೋಡಿ, ಆಮೇಲೆ ಏರಿಸುತ್ತಾರೆ. ಬೆಂಗಳೂರಿನ ಬಿಇಎಲ್ 1967ರಲ್ಲಿ ಟ್ರಾನ್ಸ್‌ಮಿಟರ್ ವಾಲ್ವ್‌ಗಳ ತಯಾರಿಕೆ ಶುರು ಮಾಡಿತ್ತು. ಈಗ ಒಂದು ಸುಟ್ಟರೆ ಇಳಕಲ್ಲು, ಹುನಗುಂದದ ಅಂಗಡಿಯಲ್ಲಿ ಕೇಳಿ ತರುವ ಸಾಮಾನಲ್ಲ.

ಮಿತಿ ಮೀರಿದರೆ ಲಾಭವಾದರೂ ಎಷ್ಟು? ಪವರ್ ಎರಡು ಪಟ್ಟಾದರೆ ಕೇಳುವವರ ಸಿಗ್ನಲ್ ಮೀಟರಿನಲ್ಲಿ ಏರುವುದು ಅರ್ಧ ಗೆರೆ. ಒಂದು ಪೂರ್ತಿ ಗೆರೆಗೆ ನಾಲ್ಕು ಪಟ್ಟು ಬೇಕು. ಅದರ ಬದಲು ಆಂಟೆನಾ ಸರಿ ಮಾಡುವುದೇ ಜಾಣತನ.

ನಷ್ಟ ಮಾತ್ರ ದೊಡ್ಡದು. ಅಳತೆ ಮೀರಿ ಒತ್ತಿದ ಆಂಪ್ಲಿಫೈಯರಿನಿಂದ ದನಿ ಒಡೆದು ಅಕ್ಕಪಕ್ಕದ ಫ್ರೀಕ್ವೆನ್ಸಿಗಳಿಗೂ ಹರಡುತ್ತದೆ. ಹೊಳೆ ಬಂದ ದಿನ ನಡುಗಡ್ಡೆಯಾದ ಊರೊಂದರಿಂದ ಯಾರೋ ಸಣ್ಣ ಬ್ಯಾಟರಿ ಸೆಟ್ಟಿನಲ್ಲಿ "ಇಲ್ಲಿಗೆ ದೋಣಿ ಕಳಿಸ್ರಿ" ಎಂದರೆ, ನಮ್ಮ ಗದ್ದಲ ಆ ಮಾತನ್ನು ನುಂಗಿಬಿಡಬಹುದು. ಸರಕಾರ ಹಾಕಿದ ಮಿತಿಯ ಬೆಲೆ ಅಲ್ಲಿ ತಿಳಿಯುತ್ತದೆ. ಶಾರ್ಟ್‌ವೇವ್‌ನಲ್ಲಿ ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ 50 ವ್ಯಾಟ್, ಜನರಲ್ ದರ್ಜೆಯವರಿಗೆ 400 ವ್ಯಾಟ್.

ಕಲಿಯುವ ಹುಡುಗರಿಗೆ ಕೊನೆಯದೊಂದು ಮಾತು. ಈ ಪೆಟ್ಟಿಗೆಯೊಳಗೆ 600 ವೋಲ್ಟ್‌ವರೆಗೂ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಪರೀಕ್ಷೆ ಕಟ್ಟಿ, ಲೈಸೆನ್ಸ್ ಪಡೆಯಿರಿ. ಬಲ್ಲವರು ಪಕ್ಕದಲ್ಲಿ ಇಲ್ಲದಾಗ ಮುಚ್ಚಳ ತೆರೆಯಬೇಡಿ.