ಬಿಸಿನೀರಿನ ಅಪ್ಪಣೆ

ಅಮೆರಿಕದಲ್ಲಿ ಮನೆ ಕಟ್ಟಿಕೊಂಡು ಕೂರುವವರಿರುವಂತೆ ಮನೆಯನ್ನು ಎಳೆದುಕೊಂಡು ಹೋಗುವವರೂ ಇದ್ದಾರೆ. ಇವರಲ್ಲಿ ನಿವೃತ್ತರೂ ಬಹಳ. ಅರವತ್ತು ದಾಟಿದ ನಮ್ಮವರ ಬಾಯಲ್ಲಿ ಕಾಶಿ ರಾಮೇಶ್ವರಗಳ ಮಾತು ಬರುವಂತೆ ಅಲ್ಲಿಯವರ ಬಾಯಲ್ಲಿ ಆರ್‌.ವಿ.ಯ ಮಾತು ಬರುತ್ತದೆ. ರಿಕ್ರಿಯೇಷನಲ್ ವೆಹಿಕಲ್ ಎಂಬುದು ಅದರ ಪೂರ್ಣ ನಾಮಧೇಯ. ವಿಹಾರದ ಬಂಡಿ ಎಂದು ಕನ್ನಡಿಸಿಕೊಳ್ಳಬಹುದು. ಎಂಜಿನ್ನು ತನ್ನೊಳಗೇ ಇರುವುದು ಒಂದು ಜಾತಿ, ಟ್ರಕ್ಕಿನ ಬಾಲಕ್ಕೆ ಸಿಕ್ಕಿಸಿ ಎಳೆಯತಕ್ಕದ್ದು ಇನ್ನೊಂದು. ನನ್ನ ಅಣ್ಣನದು ಎರಡನೆಯ ಜಾತಿ. 24 ಅಡಿ ಉದ್ದದ ಪೆಟ್ಟಿಗೆ. ಅದರೊಳಗೆ ಮಂಚ, ಒಲೆ, ತಂಗಳ ಪೆಟ್ಟಿಗೆ, ಊಟದ ಮೇಜು, ಒಬ್ಬರು ನಿಂತರೆ ತುಂಬಿಹೋಗುವ ಬಚ್ಚಲು. ಮೈಸೂರಿನ ವಠಾರಗಳಲ್ಲಿ ಬಾಳಿದವರಿಗೆ ಇದೇನೂ ಇಕ್ಕಟ್ಟೆನಿಸದು. ವಠಾರಕ್ಕೆ ಚಕ್ರಗಳಿರಲಿಲ್ಲ, ಅಷ್ಟೆ.

2024ರ ಅಕ್ಟೋಬರಿನಲ್ಲಿ ಅಣ್ಣ ಅತ್ತಿಗೆಯರ ಜೊತೆಯಲ್ಲಿ ಈ ಬಂಡಿಯಲ್ಲಿ ಮೂರು ವಾರ ಅರಿಜೋನ ಸೀಮೆಯನ್ನು ಸುತ್ತಿದೆ. ಅಲ್ಲಿಯ ಗ್ರ್ಯಾಂಡ್ ಕ್ಯಾನಿಯನ್ ಕಮರಿಯನ್ನು ವರ್ಣಿಸಲು ಹೊರಟರೆ ಸಂಪಾದಕರು ಕೈಮುಗಿದಾರು. ನೋಡಿಬಂದವರೆಲ್ಲರೂ ಅದನ್ನು ವರ್ಣಿಸಿಯಾಗಿದೆ. ನಾನು ಹೇಳಹೊರಟದ್ದು ಒಂದು ಸ್ವಿಚ್ಚಿನ ವಿಚಾರ.

ಬಂಡಿಯ ಪಕ್ಕೆಯಲ್ಲಿ ನೀರು ಕಾಯಿಸುವ ಒಂದು ತೊಟ್ಟಿ ಅಡಗಿ ಕುಳಿತಿರುತ್ತದೆ. 6 ಗ್ಯಾಲನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 23 ಲೀಟರು ನೀರು ಹಿಡಿಯುವಂಥದು. ಕಾಯಿಸುವುದಕ್ಕೆ ಎರಡು ದಾರಿ: ಸಿಲಿಂಡರಿನಲ್ಲಿ ಹೊತ್ತು ತಂದ ಪ್ರೋಪೇನ್ ಅನಿಲ, ಅಥವಾ ತಂಗುದಾಣದ ಕಂಬದಿಂದ ಎಳೆದುಕೊಂಡ ವಿದ್ಯುತ್ತು. ಅನಿಲಕ್ಕೆ ಬೇರೆ ದುಡ್ಡು ತೆರಬೇಕು. ವಿದ್ಯುತ್ತಾದರೆ ಸಾಮಾನ್ಯವಾಗಿ ಜಾಗದ ಬಾಡಿಗೆಯಲ್ಲೇ ಸೇರಿರುತ್ತದೆ. ಕೊಟ್ಟ ಬಾಡಿಗೆಗೆ ನ್ಯಾಯ ಸಲ್ಲಬೇಕೆನ್ನುವವರು ವಿದ್ಯುತ್ತಿನಲ್ಲೇ ನೀರು ಕಾಯಿಸುತ್ತಾರೆ. ಐವತ್ತು ವರ್ಷ ಅಮೆರಿಕದಲ್ಲಿದ್ದರೂ ನನ್ನ ಅಣ್ಣನ ಈ ಬುದ್ಧಿ ಮೈಸೂರಿನದೇ.

ಇಲ್ಲಿಯೇ ವಿಚಿತ್ರವಿರುವುದು. ಅನಿಲದಿಂದ ಕಾಯಿಸುವ ಸ್ವಿಚ್ಚು ಬಂಡಿಯೊಳಗೆ, ಅಡಿಗೆಯ ಕಟ್ಟೆಯ ಮಗ್ಗುಲಲ್ಲೇ ಇತ್ತು. ವಿದ್ಯುತ್ತಿನ ಸ್ವಿಚ್ಚು ಇದ್ದದ್ದು ಹೊರಗೆ! ಬಂಡಿಯ ಹೊರಮೈಗೆ ಒಂದು ತಗಡಿನ ಬಾಗಿಲು. ಬಗ್ಗಿ ಅದರ ಕೊಕ್ಕೆ ತಿರುವಿ ತೆರೆದರೆ, ಕೊಳವೆ ತಂತಿಗಳ ಗೊಂದಲದ ಕೆಳಗೆ, ಎಡಮೂಲೆಯಲ್ಲಿ, ಹೆಬ್ಬೆರಳ ಉಗುರಿನಷ್ಟು ಕರಿಯ ಸ್ವಿಚ್ಚು. ತೊಟ್ಟಿ ಮಾಡುವ ಕಾರ್ಖಾನೆ ಒಂದು, ಬಂಡಿ ಕಟ್ಟುವ ಕಾರ್ಖಾನೆ ಇನ್ನೊಂದು. ಮೊದಲಿನವರು ಸ್ವಿಚ್ಚನ್ನು ತಮ್ಮ ಸಾಮಾನಿನ ಮೇಲೆಯೇ ಕೂರಿಸಿದರು. ಎರಡನೆಯವರು ಒಳಕ್ಕೊಂದು ತಂತಿ ಎಳೆಯುವ ಗೋಜಿಗೆ ಹೋಗಲಿಲ್ಲ. ಒಳಗೇ ಸ್ವಿಚ್ಚಿರುವ ಬಂಡಿಗಳೂ ಬೇಕಾದಷ್ಟಿವೆ. ಅಣ್ಣ ಹಳೆಯದನ್ನು ಅಗ್ಗಕ್ಕೆ ಕೊಂಡಿದ್ದ.

ಹಾಗಾದರೆ ಅದನ್ನು ಹಗಲೂ ರಾತ್ರಿ ಹಾಕಿಯೇ ಇಡಬಹುದಲ್ಲ ಎಂದು ತಾವು ಕೇಳಬಹುದು. ಹಲವರು ಹಾಗೆ ಇಡುವುದೂ ಉಂಟು. ಕಾದ ಮೇಲೆ ಅದು ತಾನಾಗಿಯೇ ನಿಲ್ಲುತ್ತದೆ. ಆದರೆ ಆ ಕಂಬದಿಂದ ನಮಗೆ ದೊರೆಯುತ್ತಿದ್ದುದು 30 ಆಂಪಿಯರು ಮಾತ್ರ. ನೀರಿನ ತೊಟ್ಟಿ 1,440 ವ್ಯಾಟಿನದು. ಅಲ್ಲಿಯ 120 ವೋಲ್ಟಿನಲ್ಲಿ ಅದೊಂದೇ 12 ಆಂಪಿಯರು ನುಂಗುತ್ತದೆ. ಚಳಿಗೆಂದು ಇಟ್ಟ ಬಿಸಿಗಾಳಿಯ ಪೆಟ್ಟಿಗೆ ಮತ್ತೆ ಹನ್ನೆರಡೂವರೆ. ಅದರ ಮೇಲೆ ಅತ್ತಿಗೆ ಮೈಕ್ರೊವೇವಿನಲ್ಲಿ ಸಾರು ಬಿಸಿಮಾಡಲು ಹೊರಟರೆ ಬ್ರೇಕರು ಬಿದ್ದು ಎಲ್ಲವೂ ಸ್ತಬ್ಧ. ಬ್ರೇಕರುಗಳ ಪೆಟ್ಟಿಗೆ ಒಳಗೇ ಇತ್ತು, ನಿಜ. ಊಟದ ಬೆಂಚಿನ ಕೆಳಗೆ, ನೆಲಮಟ್ಟದಲ್ಲಿ. ಮಂಡಿಯೂರಿ ಕೂರಬಲ್ಲವರಿಗೆ ಅದು ಒದಗೀತು. ಅದೂ ಅಲ್ಲದೆ ಬ್ರೇಕರು ಆಪತ್ತಿಗೆಂದು ಇರುವ ಕಾವಲುಗಾರ. ಅವನಿಂದ ದಿನಕ್ಕೆ ನಾಲ್ಕು ಬಾರಿ ಬಾಗಿಲು ತೆಗೆಸಿ ಹಾಕಿಸುವುದು ಸರಿಯಲ್ಲವೆಂದು ಅಣ್ಣನ ವಾದ.

ನಡುವೆ ಒಂದು ಮಾತು. ಪಕ್ಕದ ಬಂಡಿಯ ಮುದುಕರೊಬ್ಬರೊಡನೆ ಮಾತಾಡುತ್ತ ನಾನು ‘ಗೀಸರಿನ ಸ್ವಿಚ್ಚು ಹೊರಗಿದೆ’ ಎಂದೆ. ಅವರು ಕಣ್ಣರಳಿಸಿದರು. ಅಮೆರಿಕದವರಿಗೆ ಗೀಸರ್ ಎಂದರೆ ಯೆಲ್ಲೊಸ್ಟೋನಿನಲ್ಲಿ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆ. ಅದಕ್ಕೆ ಸ್ವಿಚ್ಚಿದೆಯೆಂದು ಹೇಳುವ ಇಂಡಿಯಾದವನನ್ನು ಅವರು ಮರ್ಯಾದೆಯಿಂದಲೇ ನೋಡಿದರು. ಐಸ್‌ಲೆಂಡಿನ ಒಂದು ಬುಗ್ಗೆಯ ಹೆಸರನ್ನು 1868ರಲ್ಲಿ ಲಂಡನ್ನಿನ ಮಾನ್ ಎಂಬಾತ ತನ್ನ ನೀರು ಕಾಯಿಸುವ ಯಂತ್ರಕ್ಕೆ ಇಟ್ಟ. ಇಂಗ್ಲಿಷರ ಕೈಯಿಂದ ಅದು ನಮ್ಮ ಬಚ್ಚಲುಮನೆಗೆ ಬಂದು ಸೇರಿತು. ಅಮೆರಿಕದವರು ‘ವಾಟರ್ ಹೀಟರ್’ ಎಂದು ನೇರವಾಗಿ ಕರೆದು ಸುಮ್ಮನಾದರು. ಹೆಸರಿಡುವುದರಲ್ಲಿ ಅವರಿಗೆ ಕವಿತ್ವ ಕಡಿಮೆ.

ಅತ್ತಿಗೆಯ ವಿಚಾರಕ್ಕೆ ಬರುತ್ತೇನೆ. ಅವರಿಗೆ ಮಂಡಿನೋವು. ಬಂಡಿಯ ಮೂರು ಮೆಟ್ಟಿಲು ಇಳಿಯಬೇಕಾದರೆ ಬಾಗಿಲ ಹಿಡಿ ಹಿಡಿದು, ಒಂದು ಕಾಲಿಟ್ಟು, ಉಸಿರು ಬಿಟ್ಟು, ಇನ್ನೊಂದು ಕಾಲಿಡಬೇಕು. ಅದರಿಂದಾಗಿ ಬಿಸಿನೀರಿನ ಖಾತೆ ಅಣ್ಣನದಾಗಿತ್ತು. ‘ಅದಕ್ಕೇನಂತೆ, ಒಂದು ಮಾತು ಹೇಳು, ಹಾಕಿ ಬರ್ತೀನಿ’ ಎನ್ನುತ್ತಿದ್ದ. ಹೇಳಿದೊಡನೆ ಎದ್ದು ಹೋಗುತ್ತಲೂ ಇದ್ದ. ಇಂಥ ಗಂಡನ ಮೇಲೆ ದೂರು ಹೇಳುವುದಾದರೂ ಹೇಗೆ? ಒಳಗೊಂದು ಸ್ವಿಚ್ಚು ಹಾಕಿಸೋಣವೆಂದು ಅತ್ತಿಗೆ ಹಿಂದೆ ಎರಡು ಸಲ ಅಂದಿದ್ದರಂತೆ. ನಾನಿರುವಾಗ ಏಕೆ ಎಂದು ಅಣ್ಣ ನಕ್ಕಿದ್ದನಂತೆ. ಅವನ ಮಟ್ಟಿಗೆ ಅದು ಮೆಟ್ಟಿಲಿನ ಪ್ರಶ್ನೆ. ಮೆಟ್ಟಿಲು ಇಳಿಯಲು ತಾನಿದ್ದಾನೆ.

ನಾವು ಫ್ಲ್ಯಾಗ್‌ಸ್ಟಾಫ್ ಊರಿನಲ್ಲಿ ತಂಗಿದ್ದಾಗ ಅಣ್ಣನಿಗೆ ಜ್ವರ ಬಂದಿತು. ಆ ಊರು ಸುಮಾರು 7,000 ಅಡಿ ಎತ್ತರದಲ್ಲಿದೆ, ನಮ್ಮ ಉದಕಮಂಡಲಕ್ಕೆ ಒಂದಿಷ್ಟೇ ಕಡಿಮೆ. ರಾತ್ರಿಯ ಚಳಿ ಎಲುಬಿಗಿಳಿಯುತ್ತದೆ. ನಡುರಾತ್ರಿ ಅವನು ವಾಂತಿ ಮಾಡಿಕೊಂಡ. ನಾನು ಮೇಜು ಮಡಿಸಿ ಮಾಡಿದ ಹಾಸಿಗೆಯ ಮೇಲೆ ಮಲಗಿದ್ದೆ. ಬಾಗಿಲು ಕಿರುಗುಟ್ಟಿದಾಗ ಎಚ್ಚರವಾಯಿತು. ಕಿಟಕಿಯಲ್ಲಿ ನೋಡಿದರೆ ಅತ್ತಿಗೆ ಶಾಲು ಹೊದ್ದು, ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಿಂದ ಬಂಡಿಯ ಮೈಯನ್ನೇ ತಡವಿಕೊಂಡು ಆ ತಗಡಿನ ಬಾಗಿಲ ಕಡೆಗೆ ನಡೆಯುತ್ತಿದ್ದಾರೆ. ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಹೊಳೆಯುತ್ತಿತ್ತು. ಅನಿಲದಿಂದ ಕಾಯಿಸೋಣವೆಂದರೆ ಸಿಲಿಂಡರಿನ ತಿರುಪೂ ಹೊರಗೇ. ಮಲಗುವ ಮುನ್ನ ಅದನ್ನು ಮುಚ್ಚುವುದು ಅಣ್ಣನ ಕಟ್ಟುನಿಟ್ಟು.

ಓಡಿಹೋಗಿ ಅವರನ್ನು ಹಿಡಿದು ಒಳಗೆ ತಂದೆ. ‘ನನ್ನನ್ನ ಎಬ್ಬಿಸಬಾರದಾಗಿತ್ತೆ, ಅತ್ತಿಗೆ?’ ಎಂದೆ.

‘ಎಬ್ಬಿಸಬಹುದಾಗಿತ್ತಪ್ಪ. ಆ ಎಬ್ಬಿಸೋದೇ ನಂಗೆ ಬೇಜಾರು’ ಎಂದರು. ನೀರು ಕಾಯಲು ಮುಕ್ಕಾಲು ಗಂಟೆ ಬೇಕು. ಕಾಯುತ್ತ ಕುಳಿತಾಗ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದು: ‘ದೀಪ ಹಾಕೋಕ್ಕೆ ಯಾರನ್ನೂ ಕೇಳೋಲ್ಲ. ಅನ್ನಕ್ಕಿಡೋಕ್ಕೆ ಯಾರನ್ನೂ ಕೇಳೋಲ್ಲ. ಮೈಮೇಲೆ ನಾಲ್ಕು ಚೊಂಬು ನೀರು ಹಾಕ್ಕೊಳ್ಳೋಕ್ಕೆ ಮಾತ್ರ ಅಪ್ಪಣೆ ಬೇಕು. ಅವರು ಇಲ್ಲ ಅಂದದ್ದಿಲ್ಲ. ಆದರೂ ಕೇಳಬೇಕಲ್ಲ. ಎಷ್ಟು ದಿವಸ ತಣ್ಣೀರಲ್ಲೇ ಮುಗಿಸಿದೀನಿ, ಗೊತ್ತಾ?’

ಅತ್ತಿಗೆ ಹಾಸನದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ಅಲ್ಲಿಯ ಬಚ್ಚಲಲ್ಲಿ ಆಳುದ್ದದ ತಾಮ್ರದ ಹಂಡೆ. ಕೆಳಗೆ ತೆಂಗಿನ ಮಟ್ಟೆ, ಕರಟ, ಕಾಫಿ ಗಿಡದ ಸೌದೆ. ನಾಲ್ಕು ಗಂಟೆಗೆದ್ದು ಉರಿ ಹಾಕುತ್ತಿದ್ದವರು ಹೆಂಗಸರು, ಮೊದಲು ಮೀಯುತ್ತಿದ್ದವರು ಗಂಡಸರು. ಹೊಗೆಯಲ್ಲಿ ಕಣ್ಣು ಕೆಂಪಾದವರ ಮುಂದೆ ಆ ಕಾಲದ ಗುಣಗಾನ ಮಾಡಲು ನನಗೆ ಧೈರ್ಯವಿಲ್ಲ. ಆದರೆ ಬೆಂಕಿಯಂತೂ ಅವರ ಕೈಯಲ್ಲಿತ್ತು. ಬಿಸಿನೀರು ಬೇಕಾದರೆ ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ.

ಎರಡು ದಿನ ಕಳೆದು ಜ್ವರ ಬಿಟ್ಟಿತು. ಆ ರಾತ್ರಿಯ ಮಾತನ್ನು ನಾನು ಅಣ್ಣನಿಗೆ ಹೇಳಿದೆ. ಹೇಳಬಾರದಿತ್ತು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ಅವನು ಕಾಫಿ ಲೋಟವನ್ನು ಕೆಳಗಿಟ್ಟ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಏಳು, ಅಂಗಡಿಗೆ ಹೋಗೋಣ’ ಎಂದ.

ಅಮೆರಿಕದ ಹಾರ್ಡ್‌ವೇರ್ ಅಂಗಡಿ ನಮ್ಮ ಒಂದು ಬೀದಿಯಷ್ಟಿರುತ್ತದೆ. ಸ್ವಿಚ್ಚುಗಳಿಗೇ ಒಂದು ಗೋಡೆ. ಒಳಗೆ ದೀಪವಿರುವ ಸ್ವಿಚ್ಚುಗಳಲ್ಲಿ ಎರಡು ಬಗೆ. ಒಂದು, ಆರಿಸಿದಾಗ ಮಿನುಗುವುದು. ಕತ್ತಲೆಯಲ್ಲಿ ತಾನೆಲ್ಲಿದ್ದೇನೆಂದು ತೋರಿಸಲು. ಇನ್ನೊಂದು, ಹಾಕಿದಾಗ ಹೊತ್ತಿಕೊಳ್ಳುವುದು. ತಾನು ಕೆಲಸ ಮಾಡುತ್ತಿದ್ದೇನೆಂದು ಹೇಳಲು. ಅಣ್ಣ ಎರಡನ್ನೂ ಕೈಯಲ್ಲಿ ಹಿಡಿದು ಅರ್ಧ ಗಂಟೆ ನಿಂತ. ಕೊನೆಗೆ ಎರಡನೆಯದನ್ನು ಕೊಂಡ. 15 ಆಂಪಿಯರು ತಡೆಯುವಂಥದು. ಮರೆತು ಬಿಟ್ಟುಹೋದರೆ ಕೆಂಪು ಕಣ್ಣು ಬಿಟ್ಟು ಗದರಿಸುವ ಸ್ವಿಚ್ಚೇ ಇಂಥ ಕೆಲಸಕ್ಕೆ ಲೇಸು.

ಕೆಲಸ ದೊಡ್ಡದಲ್ಲ, ಆದರೆ ಹುಡುಗಾಟಿಕೆಯದೂ ಅಲ್ಲ. ಬ್ರೇಕರು ಇಳಿಸಿದರೆ ಸಾಲದೆಂದು ಅಣ್ಣ ಹೊರಗಿನ ಕಂಬದಿಂದ ಬಂಡಿಯ ತಂತಿಯನ್ನೇ ಕಿತ್ತಿಟ್ಟ. ಪರೀಕ್ಷೆಯ ಕಡ್ಡಿಯಿಂದ ಎಲ್ಲೂ ಕರೆಂಟಿಲ್ಲವೆಂದು ನೋಡಿಕೊಂಡ. ಬ್ರೇಕರಿನ ಪೆಟ್ಟಿಗೆಯಿಂದ ತೊಟ್ಟಿಗೆ ಹೋಗುವ ಕೇಬಲ್ಲು ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಹಾದುಹೋಗಿತ್ತು. ಅದನ್ನು ಅಲ್ಲಿ ಕತ್ತರಿಸಿ, ಎರಡು ತುದಿಗಳನ್ನೂ ಒಂದು ಪುಟ್ಟ ಡಬ್ಬಕ್ಕೆ ತಂದು, ನಡುವೆ ಸ್ವಿಚ್ಚನ್ನು ಕೂರಿಸುವುದು. ಕೇಬಲ್ಲನ್ನು ಸುಲಿದಾಗ ಒಳಗೆ ಒಂದು ಕಪ್ಪು ತಂತಿ, ಒಂದು ಬಿಳಿಯದು, ಒಂದು ಬರಿಯ ತಾಮ್ರದ್ದು. ನಾನು ಟಾರ್ಚು ಹಿಡಿದವನು. ನಮ್ಮ ಹಳೆಯ ವೈರಿಂಗಿನಲ್ಲಿ ಕರೆಂಟಿರುವುದು ಕೆಂಪಿನಲ್ಲಿ. ಕಪ್ಪು ಸಾಧುಪ್ರಾಣಿ, ನ್ಯೂಟ್ರಲ್ಲು. ಅಮೆರಿಕದಲ್ಲಿ ತಿರುಗಮುರುಗ: ಕಪ್ಪೇ ಕಚ್ಚುವುದು, ಬಿಳಿಯದು ನ್ಯೂಟ್ರಲ್ಲು. ಸ್ವಿಚ್ಚು ತಡೆಯಬೇಕಾದದ್ದು ಕಪ್ಪನ್ನು. ಬಿಳಿಯದನ್ನು ತಡೆದರೂ ನೀರು ಕಾಯುವುದು ನಿಲ್ಲುತ್ತದೆ, ಆದರೆ ಆರಿಸಿದ ತೊಟ್ಟಿಯಲ್ಲೂ ಕರೆಂಟು ಹೊಂಚುಹಾಕಿ ಕುಳಿತಿರುತ್ತದೆ. ಬೆಂಗಳೂರಿನಲ್ಲಿ ಪಳಗಿದ ಕೈಯನ್ನು ಅಲ್ಲಿ ಹಾಗೆಯೇ ಬಿಟ್ಟರೆ ಆಗುವ ಅನಾಹುತವನ್ನು ನೆನೆದು ನನಗೆ ಆ ಚಳಿಯಲ್ಲೂ ಬೆವರಿತು. ಬಂಡಿ ಕುಲುಕುವ ಪದಾರ್ಥವಾದ್ದರಿಂದ ಒಂದೊಂದು ಸೇರಿಕೆಯನ್ನೂ ಅಣ್ಣ ಎಳೆದೆಳೆದು ನೋಡಿ ಬಿಗಿದ.

ಇಷ್ಟಾದ ಮೇಲೆ ಹೊರಗಿನ ಸ್ವಿಚ್ಚನ್ನು ಹಾಕಿಯೇ ಬಿಟ್ಟು ತಗಡಿನ ಬಾಗಿಲು ಮುಚ್ಚಿದೆವು. ಈಗ ಒಂದೇ ದಾರಿಗೆ ಎರಡು ಬಾಗಿಲು. ಎರಡೂ ತೆರೆದಿದ್ದರೆ ಮಾತ್ರ ಕರೆಂಟು ಹೋದೀತು. ಹೊರಗಿನದು ಇನ್ನು ದಂಡವೆಂದು ನಾನು ತಿಳಿದರೆ, ಅಣ್ಣ ಅಲ್ಲವೆಂದ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ತೊಟ್ಟಿ ಸೀಳಬಾರದೆಂದು ಅದನ್ನು ಬರಿದುಮಾಡಿ ಇಡುತ್ತಾರೆ. ಬರಿದಾದ ತೊಟ್ಟಿಗೆ ಕರೆಂಟು ಕೊಟ್ಟರೆ ಕಾಯಿಸುವ ಎಲಿಮೆಂಟು ನೋಡುನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ. ಆಗ ಹೊರಗಿನದನ್ನು ಆರಿಸಿಟ್ಟರೆ ಒಳಗೆ ಯಾರು ಏನೊತ್ತಿದರೂ ಭಯವಿಲ್ಲ. ಸ್ವಿಚ್ಚಿನ ಮಗ್ಗುಲಿಗೆ ಒಂದು ಚೀಟಿಯನ್ನೂ ಅಂಟಿಸಿದ. ಕನ್ನಡದಲ್ಲಿ ಎರಡೇ ಮಾತು: ‘ನೀರು ಇದೆಯೆ?’ ಬಿಸಿನೀರಿನ ನಲ್ಲಿ ತಿರುಗಿಸಿದಾಗ ಗಾಳಿ ಕೆಮ್ಮದೆ ನೀರು ಧಾರೆಯಾಗಿ ಬಿದ್ದರೆ ಇದೆಯೆಂದು ಅರ್ಥ.

ಅತ್ತಿಗೆ ಬಂದು ನೋಡಿದರು. ಇನ್ನೊಂದು ತೊಡಕು. ನಮ್ಮಲ್ಲಿ ಕೆಳಕ್ಕೆ ಒತ್ತಿದರೆ ದೀಪ ಹತ್ತುತ್ತದೆ, ಅಲ್ಲಿ ಮೇಲಕ್ಕೆ ಎತ್ತಿದರೆ. ‘ಗೊತ್ತಪ್ಪ, ನಲವತ್ತೆಂಟು ವರ್ಷ ಆಯ್ತು ಈ ದೇಶಕ್ಕೆ ಬಂದು’ ಎಂದು ನನ್ನ ಉಪನ್ಯಾಸವನ್ನು ನಿಲ್ಲಿಸಿ ಮೇಲಕ್ಕೆತ್ತಿದರು. ಕೆಂಪು ಕಣ್ಣು ತೆರೆಯಿತು. ಆರಿಸಿದರು. ಮತ್ತೆ ಹಾಕಿದರು. ಅಣ್ಣ ಪಕ್ಕದಲ್ಲಿ ಸ್ಕ್ರೂ ಡ್ರೈವರನ್ನು ಒರೆಸುತ್ತ ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ವರ್ಷದ ದೀಪಾವಳಿ ಅಕ್ಟೋಬರಿನ ಕೊನೆಗೆ ಬಿದ್ದಿತ್ತು. ಅಷ್ಟು ಹೊತ್ತಿಗೆ ನಾವು ಕಮರಿಯ ದಕ್ಷಿಣದ ಅಂಚಿನಲ್ಲಿರುವ ಟ್ರೈಲರ್ ವಿಲೇಜ್ ಎಂಬ ತಂಗುದಾಣ ಸೇರಿದ್ದೆವು. ನೀರು ತುಂಬುವ ಹಬ್ಬದ ಸಂಜೆ ಅತ್ತಿಗೆಗೆ ಯೋಚನೆಯಾಯಿತು. ಊರಿನಲ್ಲಾದರೆ ಹಂಡೆ ಬೆಳಗಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯಬೇಕು. ಇಲ್ಲಿ ಹಂಡೆ ಗೋಡೆಯೊಳಗೆ ಅವಿತಿದೆ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಸ್ವಿಚ್ಚಿನ ಬಿಳಿಯ ತಟ್ಟೆಯ ಮೇಲೆ ಅರಿಸಿನ ಕುಂಕುಮ ಇಟ್ಟರು. ‘ಸ್ಕ್ರೂ ಸಂದಿಗೆ ಹೋಗದ ಹಾಗೆ ಇಡು’ ಎಂದ ಅಣ್ಣ.

ಮರುದಿನ ನಮಗೆ ಎಚ್ಚರವಾಗುವ ಹೊತ್ತಿಗೆ ಬಂಡಿಯ ತುಂಬ ಹರಳೆಣ್ಣೆ ಸೀಗೆಪುಡಿಯ ವಾಸನೆ. ಕಿಟಕಿಯಾಚೆ ಇನ್ನೂ ಕತ್ತಲೆ. ಅತ್ತಿಗೆ ಹೊಸ ಸೀರೆಯುಟ್ಟು, ತಲೆಗೆ ಟವಲು ಸುತ್ತಿಕೊಂಡು ದೇವರಿಗೆ ದೀಪ ಹಚ್ಚುತ್ತಿದ್ದರು.

‘ನನ್ನನ್ನ ಎಬ್ಬಿಸೋದಲ್ವೆ?’ ಎಂದ ಅಣ್ಣ, ಹಳೆಯ ಅಭ್ಯಾಸ.

‘ಯಾತಕ್ಕೆ?’ ಎಂದರು ಅತ್ತಿಗೆ. ‘ಕಾದ ನೀರೆಲ್ಲ ನಾನೇ ಮುಗಿಸಿದೀನಿ. ಮತ್ತೆ ಹಾಕಿದೀನಿ, ಇನ್ನು ಮುಕ್ಕಾಲು ಗಂಟೆ ಆಗುತ್ತೆ. ಇಬ್ಬರೂ ಬನ್ನಿ, ಮಣೆ ಮೇಲೆ ಕೂತ್ಕೊಳ್ಳಿ, ಎಣ್ಣೆ ಹಚ್ಚತೀನಿ.’