ಕೇಳಿ ತೆಗಿಸ್ಕೊ

ನಮ್ಮ ಮುನಿರಾಬಾದ್‌ನಲ್ಲಿ ಈ ಆಪರೇಷನ್‌ಗೆ ಯಾರೂ ದೊಡ್ಡ ಹೆಸರು ಹೇಳಲ್ಲ. ‘ಚೀಲ ತೆಗಿಸಿದ್ರಂತ’ ಅಂತಾರೆ, ಅಷ್ಟೇ. ಹಲ್ಲು ಕೀಳಿಸಿದಷ್ಟೇ ಸಲೀಸು.

ನನಗೆ 42. ಎರಡು ವರ್ಷದಿಂದ ತಿಂಗಳಲ್ಲಿ ಹನ್ನೆರಡು ದಿನ ಬ್ಲೀಡಿಂಗ್. ಕೊಪ್ಪಳದ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಸೀಟಿದ್ದರೂ ಕೂರುತ್ತಿರಲಿಲ್ಲ, ಕಲೆಯಾದೀತು ಅಂತ. ಹಿಮೋಗ್ಲೋಬಿನ್ 7.2ಕ್ಕೆ ಇಳಿದಾಗ ಸ್ಕ್ಯಾನ್ ಮಾಡಿಸಿದೆ. ಗರ್ಭಕೋಶದಲ್ಲಿ ಮೂರು ಗಡ್ಡೆ, ಫೈಬ್ರಾಯ್ಡ್. ಮೊದಲು ನೋಡಿದ ಡಾಕ್ಟರ್, “ಮಕ್ಕಳಾಗ್ಯಾವಲ್ಲ? ತೆಗೆದುಬಿಡೋಣ, ಇಲ್ಲಂದ್ರ ಮುಂದ ಕ್ಯಾನ್ಸರ್ ಆಗ್ತದ” ಅಂದರು. ಹೆದರಿ ಒಪ್ಪಿಕೊಂಡೇ ಬಂದೆ.

ತಡೆದದ್ದು ಅವ್ವ. ಅವಳ ಗರ್ಭಚೀಲ ತೆಗೆದಾಗ ಅವಳಿಗೆ 31. ಬಿಳಿಮುಟ್ಟು, ಸೊಂಟನೋವು ಅಂತ ಹೋಗಿದ್ದಳು. ಅಂಡಾಶಯವನ್ನೂ ತೆಗೆದರೋ ಏನೋ, ಒಂದು ಚೀಟಿಯೂ ಇಲ್ಲ. ಆಮೇಲೆ ರಾತ್ರಿ ಮೈಯೆಲ್ಲ ಬೆವರಿ ಎದ್ದು ಕೂರೋದು ಶುರುವಾಯ್ತು. 50 ದಾಟುವಷ್ಟರಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರೀತು. “ನೀ ಕಲ್ತಾಕಿ ಅದಿ, ಕೇಳಿ ತೆಗಿಸ್ಕೊ. ನನಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ” ಅಂದಳು.

ಇದು ಅವಳೊಬ್ಬಳ ಕಥೆಯಲ್ಲ. ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ಲಂಬಾಣಿ, ದಲಿತ ಹೆಣ್ಣುಮಕ್ಕಳು ಎಳೆ ವಯಸ್ಸಿನಲ್ಲೇ ಹೀಗೆ ಗರ್ಭಕೋಶ ಕಳಕೊಂಡದ್ದು ತನಿಖೆಗೆ ಬಂದಿತ್ತು. ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಹೊಳೆ ದಾಟಿ ಹೊಸಪೇಟೆಯಲ್ಲಿ ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿದೆ. ಫೈಬ್ರಾಯ್ಡ್ ಕ್ಯಾನ್ಸರ್ ಆಗೋದು ತೀರಾ ಅಪರೂಪ, ಅವಸರ ಬೇಡ ಅಂದರು ಅವರು. ಆರು ತಿಂಗಳು ಮಾತ್ರೆ, ಐರನ್ ಇಂಜೆಕ್ಷನ್. ರಕ್ತ 10ಕ್ಕೆ ಏರಿತು, ಬ್ಲೀಡಿಂಗ್ ಮಾತ್ರ ನಿಲ್ಲಲಿಲ್ಲ. ಗಡ್ಡೆಗಳನ್ನಷ್ಟೇ ತೆಗೆಸಬಹುದಿತ್ತು, ಆದರೆ ಮತ್ತೆ ಬೆಳೆಯಬಹುದು. ಕೊನೆಗೆ ‘ತೆಗೀರಿ’ ಅಂತ ನಾನೇ ಹೇಳಿದೆ. ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರ ಪೂರ್ತಿ ಓದಿ, ಅಂಡಾಶಯ ಉಳಿಸಬೇಕು ಅಂತ ಬರೆಸಿದೆ. “ಯಾರೂ ಇಷ್ಟು ಓದಂಗಿಲ್ರೀ” ಅಂತ ನರ್ಸ್ ನಕ್ಕರು.

ಹೊಟ್ಟೆ ಕೊಯ್ದೇ ಮಾಡಿದ್ದು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು ಅನ್ನೋದು ಮೂರನೇ ದಿನ ಗೊತ್ತಾಯ್ತು, ಅದೂ ಕೆಮ್ಮಿದ ಮೇಲೆ! ಆರು ವಾರ ತುಂಬಿದ ಕೊಡ ಎತ್ತುವಂತಿಲ್ಲ. ನಳ ಬಂದಾಗ ಗಂಡನೇ ನೀರು ಹೊತ್ತ. ಓಣಿಯವರು ಅದನ್ನೇ ನನ್ನ ಆಪರೇಷನ್‌ಗಿಂತ ದೊಡ್ಡ ಸುದ್ದಿ ಮಾಡಿದರು. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಬಂದ ನೆಂಟರು ಮನೆಗೂ ಬಂದು, “ತಿಂಗಳ ತಿಂಗಳ ಕಿರಿಕಿರಿ ತಪ್ಪಿತಲ್ಲ ಬಿಡು” ಅಂದರು. ನಿಜವೇ. ಆದರೂ ಉಳಿದ ಪ್ಯಾಡ್ ಪ್ಯಾಕೆಟ್ ಮಗಳ ಕಪಾಟಿಗೆ ಇಡುವಾಗ ಅಳು ಬಂತು. ಯಾಕೆ ಅಂತ ಈಗಲೂ ಹೇಳೋಕೆ ಬರಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಎರಡು ತಿಂಗಳಾದ ಮೇಲೆ ಪಂಪಾವನದ ತನಕ ಅವ್ವನ ಜತೆ ನಡೆದು ಬಂದೆ. ಅವತ್ತು ಸಂಜೆ ಅವಳು ನನ್ನ ಫೈಲು ತಂದು ಓದಿಸಿಕೊಂಡಳು. ಅಂಡಾಶಯ ಉಳಿಸಿದೆ ಅನ್ನೋ ಸಾಲನ್ನ ಎರಡು ಸಲ. ಆಮೇಲೆ ಅದನ್ನು ಒಯ್ದು ತಿಜೋರಿಯಲ್ಲಿ, ಹೊಲದ ಪಹಣಿ ಇಡುವ ಜಾಗದಲ್ಲಿ ಇಟ್ಟಳು.