ಗಂಜಿ ಹಾಕಿದ ಖಾಕಿ

ನಮ್ಮ ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿದವರಲ್ಲಿ ಮುಕ್ಕಾಲು ಪಾಲು ಹುಡುಗರು ಸೇರಿದ್ದು ದೇಶಕ್ಕಾಗಿ ಅಲ್ಲ, ಪರೇಡು ಮುಗಿದ ಮೇಲೆ ಕೊಡುತ್ತಿದ್ದ ಪೂರಿ-ಸಾಗುವಿಗಾಗಿ. ಉಳಿದವರು ಬೂಟಿಗಾಗಿ. ಹವಾಯಿ ಚಪ್ಪಲಿಯೇ ವರ್ಷಕ್ಕೊಂದು ಜೊತೆ ಸಿಕ್ಕರೆ ಹೆಚ್ಚು ಎನ್ನುವ ಕಾಲದಲ್ಲಿ ಸರ್ಕಾರ ಪುಕ್ಕಟೆ ಬೂಟು ಕೊಡುತ್ತದೆಂದರೆ ಯಾರು ಬಿಟ್ಟಾರು? ಬೂಟೇನೋ ಬಂತು, ಅಳತೆ ಮಾತ್ರ ಬರಲಿಲ್ಲ. ಹಿಂದಿನ ಬ್ಯಾಚುಗಳ ಬೆವರು ಕುಡಿದು ಟ್ರಂಕಿನಲ್ಲಿ ಮಲಗಿದ್ದ ರಾಶಿಯಲ್ಲಿ ಕೈಗೆ ಸಿಕ್ಕಿದ್ದೇ ನಮ್ಮದು. ಮುಂದುಗಡೆ ಹಳೆ ಪೇಪರು ತುರುಕಿ ನಡೆದೆವು.

ಖಾಕಿಯದು ಬೇರೆ ಪುರಾಣ. ಅನ್ನ ಬಸಿದ ಗಂಜಿಯಲ್ಲಿ ಅಮ್ಮ ಅದ್ದಿ ಒಣಗಿಸಿದ ಚಡ್ಡಿ, ನನ್ನ ಹಂಗಿಲ್ಲದೆ ತಾನೇ ನೆಟ್ಟಗೆ ನಿಲ್ಲುತ್ತಿತ್ತು. ಬೆಲ್ಟಿನ ಹಿತ್ತಾಳೆಗೆ ಬ್ರಾಸೋ, ಅದಿಲ್ಲದವರಿಗೆ ಹುಣಸೆಹಣ್ಣು. ಹೊಸ ಟೋಪಿ ತಲೆಯ ಮೇಲೆ ಜೋಳದ ರೊಟ್ಟಿ ಹೊತ್ತಂತೆ ಕಾಣುತ್ತಿತ್ತು. ಅದನ್ನು ಬಿಸಿನೀರಲ್ಲಿ ನೆನೆಸಿ, ತಲೆಗೇ ಹಾಕಿಕೊಂಡು, ಬಲಗಡೆಗೆ ಎಳೆದೆಳೆದು ಹದಕ್ಕೆ ತರಬೇಕು. ಕಲಿಸಲು ಬರುತ್ತಿದ್ದ ಹವಾಲ್ದಾರರಿಗೆ ಕನ್ನಡ ಬಾರದು, ನಮಗೆ ಹಿಂದಿ ಬಾರದು. ಆದರೂ ‘ಪೀಛೇ ಮುಡ್’ ಎಂದರೆ ಇಡೀ ಸಾಲು ತಿರುಗುತ್ತಿತ್ತು. ಹಿಂದಿ ಪಂಡಿತರಿಗೆ ಮೂರು ವರ್ಷದಲ್ಲಿ ಇಷ್ಟು ಫಲ ಸಿಕ್ಕಿರಲಿಲ್ಲ.

ಗುಂಡು ಹಾರಿಸಿದ ದಿನ ಮಾತ್ರ ಯಾರಿಗೂ ಪೂರಿ ನೆನಪಾಗಲಿಲ್ಲ. ಪಾಯಿಂಟ್ ಟೂ ಟೂ ರೈಫಲ್ಲು. ಬೋರಲು ಮಲಗಿ, ಹಿಡಿಯನ್ನು ಭುಜಕ್ಕೊತ್ತಿ, ಉಸಿರು ಹಿಡಿದು ಒತ್ತಿದರೆ ಒಂದು ಸಣ್ಣ ಟಪ್. ಸಿನಿಮಾದ ಸದ್ದಿಗೆ ಹೋಲಿಸಿದರೆ ನಿರಾಸೆಯೇ. ಖಾಲಿ ತೋಟಾ ಒಂದನ್ನು ಜೇಬಿಗಿಳಿಸಿ ಊರಿಗೆಲ್ಲ ತೋರಿಸುವ ಆಸೆ ಎಲ್ಲರಿಗೂ ಇತ್ತು. ಹವಾಲ್ದಾರರು ಹುಲ್ಲಿನಲ್ಲಿ ಬಗ್ಗಿ, ಬೆರಳಲ್ಲಿ ತಡಕಿ, ಒಂದೊಂದನ್ನೂ ಎಣಿಸಿ ಡಬ್ಬಿಗೆ ಹಾಕಿಕೊಂಡರು. ಒಂದು ಕಡಿಮೆ ಬಿದ್ದಿದ್ದರೆ ಸಂಜೆಯವರೆಗೂ ನಮ್ಮನ್ನು ಬಿಡುತ್ತಿರಲಿಲ್ಲ.

ಅಪ್ಪನಿಗೆ ಈ ಸಂಭ್ರಮವೆಲ್ಲ ಒಗ್ಗುತ್ತಿರಲಿಲ್ಲ. ಅವರದು ಕಡ್ಡಾಯದ ಕಾಲ. 1962ರ ಚೀನಾ ಯುದ್ಧದ ಪೆಟ್ಟು ತಿಂದ ಸರ್ಕಾರ ಮರುವರ್ಷವೇ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ ಮಾಡಿತು. ‘ಹಾಜರಿಗಾಗಿ ಕವಾಯತು ಮಾಡಿದವರು ನಾವು, ನಿಮ್ಮ ಹಾಗೆ ಸಾಗುವಿಗಲ್ಲ’ ಎನ್ನುತ್ತಿದ್ದರು. 1968ರಲ್ಲಿ ಅದು ಮತ್ತೆ ಐಚ್ಛಿಕವಾಯಿತು. ಮರುವರ್ಷ, ಗಾಂಧಿ ಶತಮಾನೋತ್ಸವದ ಸಮಯದಲ್ಲಿ, ಎನ್‌ಎಸ್‌ಎಸ್ ಬಂತು. ಬಂದೂಕು ಬೇಡವೆಂದವರು ಗುದ್ದಲಿ ಹಿಡಿದರು.

ಇತಿಹಾಸ ಕೆದಕಿದರೆ ಇದೇ ಚಾಳಿ ಹಿಂದಿನಿಂದಲೂ ಕಾಣುತ್ತದೆ. ಸೈನಿಕರು ಸಾಲದೆ ಬಂದಾಗಲೆಲ್ಲ ದೊರೆಗಳಿಗೆ ವಿದ್ಯಾರ್ಥಿಗಳ ನೆನಪಾಗುತ್ತದೆ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟಿಷರು ವಿಶ್ವವಿದ್ಯಾಲಯಗಳಲ್ಲಿ ಪಡೆ ಕಟ್ಟಿದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಹೃದಯನಾಥ ಕುಂಜ್ರು ಅವರ ಸಮಿತಿ ಶಾಲೆಯ ಮಕ್ಕಳನ್ನೂ ಸೇರಿಸಿಕೊಳ್ಳುವ ಯೋಜನೆ ಕೊಟ್ಟಿತು. 1948ರ ಜುಲೈ 15ರಂದು ಎನ್‌ಸಿಸಿ ಹುಟ್ಟಿತು. ಮರುವರ್ಷ ಹುಡುಗಿಯರೂ ಬಂದರು. 1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳು ಮದ್ದುಗುಂಡು ಸಾಗಿಸಲು ನೆರವಾದರು. ಆಮೇಲೆ ಪಠ್ಯ ಬದಲಾಯಿತು, ‘ನಾಯಕತ್ವ’ ಮುಂದೆ ಬಂತು.

ಕವಾಯತಿಗಿಂತ ನನಗೆ ಇರುಸುಮುರುಸು ತಂದದ್ದು ಧ್ವಜ ದಿನ. 1949ರಿಂದ ಡಿಸೆಂಬರ್ 7ರಂದು ನಡೆಯುವ ಈ ಆಚರಣೆಯ ಹಣ ಮಾಜಿ ಸೈನಿಕರಿಗೆ, ಹುತಾತ್ಮರ ಮನೆಯವರಿಗೆ ಹೋಗುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಷ್ಟ್ರು ಅಂಗಡಿ ಬೀದಿಗೆ ಕಳಿಸುತ್ತಿದ್ದದ್ದು ಯೂನಿಫಾರಂ ಹಾಕಿದ ನಮ್ಮನ್ನೇ. ಬಿಳಿ ಅಂಗಿಯ ಹುಡುಗನಿಗೆ ‘ನಾಳೆ ಬಾರೋ’ ಎನ್ನುತ್ತಿದ್ದ ಕಿರಾಣಿ ಶೆಟ್ಟರು ನನ್ನನ್ನು ಕಂಡು ಗಲ್ಲಾ ತೆರೆದು, ಪುಟ್ಟ ಕಾಗದದ ಬಾವುಟವನ್ನು ಅಂಗಿಗೆ ಚುಚ್ಚಿಸಿಕೊಂಡರು. ಮಗುವಿಗೆ ಖಾಕಿ ತೊಡಿಸಿದರೆ ದೊಡ್ಡವರ ಬಾಯಿ ಕಟ್ಟುತ್ತದೆ. ಆ ಖಾಕಿಯನ್ನು ಯಾರು ಯಾತಕ್ಕೆ ಬಳಸುತ್ತಾರೆಂಬುದು ಸಣ್ಣ ಪ್ರಶ್ನೆಯಲ್ಲ.

ಈಗ ತಂಗಿಯ ಮಗಳು ಸೇರಿದ್ದಾಳೆ. ಅವಳಿಗೆ ಪೂರಿಯ ಹಂಬಲವಿಲ್ಲ. ‘ಮಾವ, ಸಿಇಟಿಯಲ್ಲಿ ಎನ್‌ಸಿಸಿ ಕೋಟಾ ಇದೆ, ಗೊತ್ತಾ?’ ಎನ್ನುತ್ತಾಳೆ. ಗೊತ್ತು ತಾಯಿ. ದೇಶಕ್ಕೊಂದು ಲೆಕ್ಕ, ಮಕ್ಕಳಿಗೊಂದು ಲೆಕ್ಕ. ಎರಡೂ ಒಂದೇ ಮೈದಾನದಲ್ಲಿ ಹೆಜ್ಜೆ ಹಾಕುತ್ತವೆ. ಕೋಟಾ ಬೇಕೆಂದು ಅವಳೇ ಸೇರಿದ್ದಾಳಲ್ಲ, ಅಷ್ಟರಮಟ್ಟಿಗೆ ನನಗೆ ಸಮಾಧಾನ.

ಆದರೆ ಶಾಲೆಗಳು ಇಡೀ ತರಗತಿಯ ಹೆಸರನ್ನು ಒಟ್ಟಿಗೆ ಬರೆದುಕೊಳ್ಳುವುದು ಕಂಡಾಗ ನನಗೆ ಅಪ್ಪನ ಕಾಲೇಜೇ ನೆನಪಾಗುತ್ತದೆ. ಎನ್‌ಸಿಸಿ ಸೇರಿದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬದ್ಧರಲ್ಲವೆಂದು 1948ರ ಕಾಯಿದೆಯೇ ಹೇಳುತ್ತದೆ. ಕಾಯಿದೆಗೇ ಇಷ್ಟು ಸಂಕೋಚವಿರುವಾಗ ನಮಗೇಕೆ ಆತುರ? ಹೆಡ್‌ಮಾಸ್ತರರೇ, ಪಟ್ಟಿಗೆ ಸಹಿ ಹಾಕುವ ಮುಂಚೆ ಮಕ್ಕಳನ್ನು ಒಂದು ಮಾತು ಕೇಳಿ.